ಸರಿಯುವುದಕ್ಕೆ ಜಾಗ: ಕೊಡಚಾದ್ರಿಯಿಂದ ಕೋಡಿಯವರೆಗಿನ ಜೀವಜಾಲ ಮತ್ತು ಬದಲಾಗುತ್ತಿರುವ ಹವಾಮಾನ

ಬೈಂದೂರಿನ ಕಡಲತಡಿಯಿಂದ ಕೊಡಚಾದ್ರಿಯ ನೆತ್ತಿಗೆ, ಹಕ್ಕಿ ಹಾರುವ ದಾರಿಯಲ್ಲಿ, ಸುಮಾರು 30 ಕಿಲೋಮೀಟರ್. ಅಷ್ಟರೊಳಗೆ ನೆಲ 1,343 ಮೀಟರ್ ಎತ್ತರಕ್ಕೆ ಏರುತ್ತದೆ. ಮರಳದಂಡೆ, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್), ಕುದ್ರು ಎಂಬ ನಡುಗಡ್ಡೆ, ಬೈಲು, ಮಜಲು, ಬೆಟ್ಟು ಗದ್ದೆಗಳು, ಹಾಡಿ ಎಂಬ ಕಿರುಕಾಡು, ಮುರಕಲ್ಲಿನ ಪಾರೆ, ನಿತ್ಯಹರಿದ್ವರ್ಣದ ಕಾಡು, ಕೊನೆಗೆ ತುದಿಯ ಹುಲ್ಲುಗಾವಲು ಮತ್ತು ಶೋಲಾ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳ ಸೀಮೆಯಲ್ಲಿ ಇವೆಲ್ಲ ಒಂದರ ಬೆನ್ನಿಗೆ ಒಂದು ಇವೆ. ಬೆಳಿಗ್ಗೆ ಗಂಗೊಳ್ಳಿಯಲ್ಲಿ ಬಂಗುಡೆ ಕೊಂಡವರು ಮಧ್ಯಾಹ್ನದೊಳಗೆ ಸಿಂಗಳೀಕದ ಕಾಡು ಮುಟ್ಟಬಹುದು.

ಈ ಸೀಮೆಯ ಮೇಲೆ ಹವಾಮಾನ ಬದಲಾವಣೆಯ ಒತ್ತಡ ಮೊದಲು ಬರುವುದು ಪಡುವಣದಿಂದ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ, 1901ರಿಂದ 2012ರ ನಡುವೆ ಪಶ್ಚಿಮ ಹಿಂದೂ ಮಹಾಸಾಗರದ ಮೇಲ್ಮೈ ನೀರು ಜೂನ್-ಸೆಪ್ಟೆಂಬರ್ ತಿಂಗಳುಗಳಲ್ಲಿ 1.2 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯಾಗಿದೆ. 1982-2000ಕ್ಕೆ ಹೋಲಿಸಿದರೆ 2001-2019ರಲ್ಲಿ ಅರಬ್ಬಿ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಹೆಚ್ಚಿದೆಯೆಂದು ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ಹೇಳಿತು. ಇದರ ಅರ್ಥ ಏನೆಂದು ಕರಾವಳಿ 2021ರ ಮೇ ತಿಂಗಳಲ್ಲಿ ಕಂಡಿತು. ತೌಕ್ತೆ ಚಂಡಮಾರುತ ದೂರದ ಕಡಲಿನಲ್ಲೇ ಉತ್ತರಕ್ಕೆ ಸಾಗಿತು, ಇಲ್ಲಿ ನೆಲ ಮುಟ್ಟಲೇ ಇಲ್ಲ. ಆದರೂ ನಾಡ ಗ್ರಾಮದ ಮಳೆಮಾಪಕದಲ್ಲಿ ಒಂದೇ ದಿನ ಸುಮಾರು 38 ಸೆಂಟಿಮೀಟರ್ ಮಳೆ ದಾಖಲಾಯಿತು. ಅದರ ಹಿಂದಿನ ವರ್ಷ, 2020ರ ಸೆಪ್ಟೆಂಬರ್ 20ರಂದು, ಸೀತಾ, ಸುವರ್ಣಾ ಹೊಳೆಗಳು ಉಕ್ಕಿ ಬ್ರಹ್ಮಾವರದ ತಗ್ಗು ಊರುಗಳಿಗೆ ನುಗ್ಗಿದ್ದವು. ಒಂದು ಮಳೆಗಾಲಕ್ಕೆ ಮುನ್ನ ಬಂದದ್ದು, ಇನ್ನೊಂದು ಅದು ಮುಗಿಯುವ ಹೊತ್ತಿಗೆ ಬಂದದ್ದು.

ಇಂಥ ಕಾಲದಲ್ಲಿ ಮನುಷ್ಯರ ಮನೆ, ಗದ್ದೆ, ರಸ್ತೆಗಳನ್ನು ಉಳಿಸುವ ಮಾತು ಸಹಜವಾಗಿಯೇ ಮೊದಲು ಬರುತ್ತದೆ. ಉಳಿದ ಜೀವಗಳು ಹೇಗೆ ಹೊಂದಿಕೊಳ್ಳುತ್ತವೆ, ಅವಕ್ಕೆ ನೆರವಾಗಲು ಸಾಧ್ಯವೇ ಎಂಬುದು ಈ ಉಪನ್ಯಾಸ ಎತ್ತಿಕೊಂಡ ಪ್ರಶ್ನೆ. ಉತ್ತರದ ಮುಖ್ಯ ಎಳೆ ಒಂದೇ. ಗಿಡ, ಮೀನು, ಆಮೆ, ಕಪ್ಪೆ ಎಲ್ಲವೂ ಹಿಂದಿನಿಂದಲೂ ಹವೆ ಬದಲಾದಾಗ ಜಾಗ ಬದಲಿಸಿ ಬದುಕಿವೆ. ಈಗ ಅವು ಸರಿಯಬೇಕಾದ ದಾರಿಯಲ್ಲಿ ಗೋಡೆ, ರಸ್ತೆ, ಒಡ್ಡುಗಳಿವೆ. ಹಾಗಾಗಿ ಸಸಿ ನೆಡುವುದಕ್ಕಿಂತ ಮೊದಲಿನ ಕೆಲಸ, ಆ ದಾರಿಗಳಲ್ಲಿ ಯಾವುದನ್ನು ತೆರೆದಿಡಬಹುದು ಎಂದು ಗುರುತಿಸುವುದು.

ಕಾಂಡ್ಲಾದ ಬೆನ್ನ ಹಿಂದೆ

ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವುದರಿಂದ ಅಲ್ಲಿನ ನೀರಿಗೆ ಪಂಚಗಂಗಾವಳಿ ಎಂದು ಹೆಸರು. ಉಪ್ಪಿನಕುದ್ರು, ಬಬ್ಬುಕುದ್ರು, ಹೇರಿಕುದ್ರು, ಕನ್ನಡಕುದ್ರುಗಳ ಅಂಚಿನಲ್ಲಿ ಕಾಂಡ್ಲಾ ಗಿಡಗಳು ಬೇರು ಚಾಚಿ ನಿಂತಿವೆ. ತೆಂಕಣಕ್ಕೆ, ಕೋಡಿಬೆಂಗ್ರೆಯ ಬಳಿ ಸೀತಾ, ಸುವರ್ಣಾ ಹೊಳೆಗಳು ಕಡಲು ಸೇರುವಲ್ಲಿಯೂ, ಸಾಲಿಗ್ರಾಮದ ಪಾರಂಪಳ್ಳಿಯ ಹಿನ್ನೀರಿನಲ್ಲಿಯೂ ಇದೇ ನೋಟ.

ಕಾಂಡ್ಲಾ ಕೆಸರಿನ ಗಿಡ. ರೈಜೋಫೊರಾದ ಊರುಗೋಲಿನಂಥ ಬೇರುಗಳು ಇಳಿತದ ಹೊತ್ತಿನಲ್ಲಿ ಹೂಳನ್ನು ಹಿಡಿದಿಡುತ್ತವೆ. ಅವಿಸೆನಿಯಾದ ಬೇರುಗಳು ಕೆಸರಿನಿಂದ ಮೇಲೆದ್ದು ಉಸಿರಾಡುತ್ತವೆ. ರೈಜೋಫೊರಾದ ಕಾಯಿ ಮರದಲ್ಲಿರುವಾಗಲೇ ಮೊಳೆತು, ಉದ್ದನೆಯ ಮೊಳಕೆ ಕೆಳಗೆ ಬಿದ್ದು ಕೆಸರಿಗೆ ನಾಟಿಕೊಳ್ಳುತ್ತದೆ, ಇಲ್ಲವೇ ತೇಲಿಹೋಗಿ ಇನ್ನೊಂದು ಕುದ್ರುವಿನಲ್ಲಿ ಬೇರೂರುತ್ತದೆ. ವರ್ಷದಿಂದ ವರ್ಷಕ್ಕೆ ಹೂಳು ಸೇರುತ್ತ ಕಾಂಡ್ಲಾ ನಿಂತ ನೆಲವೇ ಮೇಲೇರುತ್ತದೆ. ಕಡಲಮಟ್ಟ ಏರಿದಷ್ಟೂ ಅದರೊಂದಿಗೆ ಏರಬಲ್ಲ ಕಾಡು ಇದೊಂದೇ ಎನ್ನಬೇಕು.

ಆದರೆ ಅದಕ್ಕೂ ಮಿತಿ ಇದೆ. ಹವಾಮಾನ ಬದಲಾವಣೆ ಕುರಿತ ಅಂತರ್‌ಸರ್ಕಾರಿ ಸಮಿತಿಯ 2021ರ ವರದಿಯಂತೆ ಜಾಗತಿಕ ಸರಾಸರಿ ಕಡಲಮಟ್ಟ 1901ರಿಂದ 2018ರೊಳಗೆ ಸುಮಾರು 20 ಸೆಂಟಿಮೀಟರ್ ಏರಿತು. 2006-2018ರ ನಡುವಿನ ವೇಗ ವರ್ಷಕ್ಕೆ 3.7 ಮಿಲಿಮೀಟರ್. ಕಳೆದ ಹತ್ತು ಸಾವಿರ ವರ್ಷಗಳ ಹೂಳಿನ ಪದರಗಳನ್ನು ಓದಿದ ನೀಲ್ ಸೈಂಟಿಲಾನ್ ಮತ್ತಿತರ ವಿಜ್ಞಾನಿಗಳು 2020ರಲ್ಲಿ ಒಂದು ಎಚ್ಚರಿಕೆ ಕೊಟ್ಟರು: ಏರಿಕೆ ವರ್ಷಕ್ಕೆ ಆರೇಳು ಮಿಲಿಮೀಟರ್ ದಾಟಿದರೆ ಕಾಂಡ್ಲಾ ಕಾಡು ನಿಂತಲ್ಲೇ ಎತ್ತರವಾಗಿ ಉಳಿಯುವ ಸಾಧ್ಯತೆ ತೀರ ಕಡಿಮೆ. ಆಗ ಉಳಿಯುವ ಉಪಾಯ ಹಿಂದಕ್ಕೆ, ನೆಲದ ಕಡೆಗೆ ಸರಿಯುವುದು.

ಹಿಂದೆ ಏನಿದೆ? ಉಪ್ಪುನೀರು ತಡೆಯುವ ಖಾರ್‌ಲ್ಯಾಂಡ್ ಒಡ್ಡು, ಅದರಾಚೆ ಗದ್ದೆ, ತೆಂಗಿನ ತೋಟ, ಮನೆ, ರಸ್ತೆ. ಒಡ್ಡು ಅಲ್ಲಿನ ಬದುಕಿನ ಆಧಾರ. ಅದನ್ನು ಒಡೆಯಿರಿ ಎನ್ನುವುದು ಅವಿವೇಕ, ಅನ್ಯಾಯ ಕೂಡ. ಆದರೆ ಉಪ್ಪು ಹತ್ತಿ, ನೇಜಿ ಹಿಡಿಯದೆ ಹಡಿಲು ಬಿದ್ದಿರುವ ಗದ್ದೆಗಳೂ ಅಳಿವೆಯ ಅಂಚಿನಲ್ಲಿವೆ. ಮಾಲೀಕರ ಒಪ್ಪಿಗೆ ಪಡೆದು, ನ್ಯಾಯವಾದ ಪರಿಹಾರ ಕೊಟ್ಟು, ಅಂಥ ಆಯ್ದ ಜಾಗಗಳಲ್ಲಿ ಉಬ್ಬರದ ನೀರು ಒಳಬರಲು ಬಿಟ್ಟರೆ ಕಾಂಡ್ಲಾ ತಾನಾಗಿ ಬರುತ್ತದೆ. ಮೊಳಕೆಗಳು ನೀರಿನಲ್ಲಿ ತೇಲುತ್ತಲೇ ಇರುತ್ತವೆ. ಅವಕ್ಕೆ ಬೇಕಾದದ್ದು ಸರಿಯಾದ ಎತ್ತರದ ಕೆಸರು ಮತ್ತು ಉಬ್ಬರ-ಇಳಿತದ ನೀರು.

ನೆಡುತೋಪಿನ ಮಾತು ಇಲ್ಲಿ ಬರುತ್ತದೆ. ಕುಂದಾಪುರ ಅರಣ್ಯ ವಿಭಾಗ ಕಾಂಡ್ಲಾ ಸಸಿಗಳನ್ನು ಬೆಳೆಸಿ ನೆಡುವ ಕೆಲಸವನ್ನು ಬಹಳ ಕಾಲದಿಂದ ಮಾಡುತ್ತಿದೆ. ಭಾರತೀಯ ಅರಣ್ಯ ಸಮೀಕ್ಷೆಯ 2019ರ ವರದಿಯಲ್ಲಿ 10 ಚದರ ಕಿಲೋಮೀಟರ್ ಇದ್ದ ಕರ್ನಾಟಕದ ಕಾಂಡ್ಲಾ 2021ರ ವರದಿಯಲ್ಲಿ 13ಕ್ಕೆ ಏರಿತು. 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಮಿಷ್ಟಿ’ ಯೋಜನೆ ದೇಶದ ಸುಮಾರು 540 ಚದರ ಕಿಲೋಮೀಟರ್‌ನಲ್ಲಿ ಕಾಂಡ್ಲಾ ಬೆಳೆಸುವ ಗುರಿ ಇಟ್ಟುಕೊಂಡಿದೆ. ಗುರಿ ದೊಡ್ಡದಾದಾಗ ಸುಲಭವಾಗಿ ಸಿಗುವ ಬಯಲು ಕೆಸರಿನ ಮೇಲೆ ಕಣ್ಣು ಬೀಳುತ್ತದೆ. ಫಿಲಿಪ್ಪೀನ್ಸ್‌ನಲ್ಲಿ ಆದದ್ದು ಅದೇ. ಕಾಂಡ್ಲಾ ಎಂದೂ ಇರದಿದ್ದ, ಬಹುಕಾಲ ನೀರಿನಡಿ ಇರುವ ಕೆಸರಿನಲ್ಲಿ ಒಂದೇ ಜಾತಿಯ ಸಸಿ ನೆಟ್ಟರು, ಬಹುಪಾಲು ಸತ್ತುಹೋದವು. ಕುಂದಾಪುರದ ಅಳಿವೆಯ ಬಯಲು ಕೆಸರು ಖಾಲಿ ಜಾಗವೂ ಅಲ್ಲ. ಇಳಿತದಲ್ಲಿ ಚಿಪ್ಪು ಹೆಕ್ಕುವ ಹೆಂಗಸರ ಸಂಪಾದನೆ ಅಲ್ಲಿದೆ, ಚಳಿಗಾಲದ ವಲಸೆ ಹಕ್ಕಿಗಳ ಮೇವೂ ಅಲ್ಲಿದೆ.

ಕಾಂಡ್ಲಾವೂ ಅಳಿವೆಯ ಇತರ ಜೀವಗಳೂ ಉಳಿಯಲು ಉಪ್ಪು-ಸಿಹಿ ನೀರಿನ ಹದವೂ ಬೇಕು. ಉತ್ತರ ಕನ್ನಡದ ಎರಡು ಹೊಳೆಗಳು ಇದಕ್ಕೆ ಸಾಕ್ಷಿ. ಶರಾವತಿಯ ಅಣೆಕಟ್ಟಿನಿಂದ ವಿದ್ಯುತ್ತಿಗಾಗಿ ವರ್ಷವಿಡೀ ಸಿಹಿನೀರು ಇಳಿಯುತ್ತದೆ. ಹೊನ್ನಾವರದ ಅಳಿವೆಯಲ್ಲಿ ಉಪ್ಪು ಕಡಿಮೆಯಾಗಿ ಚಿಪ್ಪು, ಮೀನುಗಳ ವೈವಿಧ್ಯ ಕುಗ್ಗಿತು. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಅದು ಸಮೃದ್ಧವಾಗಿ ಉಳಿದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ, ಎಂ.ಡಿ. ಸುಭಾಷ್ ಚಂದ್ರನ್ ಅವರ ತಂಡ ಇದನ್ನು ವಿವರವಾಗಿ ದಾಖಲಿಸಿದೆ. ಇಲ್ಲಿ ಹೊಸಂಗಡಿಯ ವಾರಾಹಿ ಭೂಗತ ವಿದ್ಯುದಾಗಾರವೂ 1989ರಿಂದ ಕೆಲಸ ಮಾಡುತ್ತಿದೆ. ಪಂಚಗಂಗಾವಳಿಯಲ್ಲಿಯೂ ತಿಂಗಳು ತಿಂಗಳು ಉಪ್ಪಿನ ಅಳತೆ ಮಾಡಿ, ಯಾವಾಗ ಎಷ್ಟು ನೀರು ಬಿಡಬೇಕೆಂಬ ಮಾತುಕತೆಗೆ ಅಳಿವೆಯ ಜೀವಗಳನ್ನೂ ಸೇರಿಸಿಕೊಳ್ಳಬಹುದು.

ಮರಳಿನ ಬಿಸಿ

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ಕೋಡಿ, ಕಡಲು ಮತ್ತು ಹೊಳೆಗಳ ನಡುವಿನ ಮರಳಿನ ಪಟ್ಟಿ. ಇಂಥ ಪಟ್ಟಿಗಳೇ ಈ ಕರಾವಳಿಯ ಚಹರೆ. ಮರವಂತೆಯಲ್ಲಿ ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಅರಬ್ಬಿ ಸಮುದ್ರ, ನಡುವೆ ರಾಷ್ಟ್ರೀಯ ಹೆದ್ದಾರಿ 66. ನೆಲವೇ ಇಷ್ಟು ಕಿರಿದಾದಾಗ ದಂಡೆ ಸರಿಯುವುದು ಎಲ್ಲಿಗೆ? ಹೀಗಾಗಿ ಕಡಲ್ಕೊರೆತ ಅಲ್ಲಿ ಊರಿನ ಹಳೆಯ ಆತಂಕ. ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ವರಾಹಸ್ವಾಮಿಗೆ ಮೀನುಗಾರರು ಹರಕೆ ಹೊರುವಾಗ ಕಡಲು ಕೊರೆಯದಿರಲಿ ಎಂಬ ಬೇಡಿಕೆಯೂ ಅದರಲ್ಲಿ ಸೇರಿರುತ್ತದೆ.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳಿಂದ ಕಂಡುಕೊಂಡಂತೆ ಕರ್ನಾಟಕದ ಕರಾವಳಿಯ ಸುಮಾರು ಕಾಲು ಭಾಗ ಕೊರೆತಕ್ಕೆ ಸಿಕ್ಕಿದೆ. ಹೆಚ್ಚುಕಡಿಮೆ ಅಷ್ಟೇ ಭಾಗದಲ್ಲಿ ಮರಳು ಸೇರಿದೆ. ಒಂದು ಕಡೆ ಹೋದ ಮರಳು ಇನ್ನೊಂದು ಕಡೆ ಬರುತ್ತದೆ. ಅಲೆಗೆ ಎದುರಾಗಿ ಬಂಡೆ ಪೇರಿಸಿದರೆ ಹಿಂದಿನ ಮನೆ ಸದ್ಯಕ್ಕೆ ಉಳಿಯುತ್ತದೆ, ಮುಂದಿನ ಮರಳು ಕರಗುತ್ತದೆ, ಗೋಡೆ ಮುಗಿಯುವಲ್ಲಿ ಕೊರೆತ ಹೆಚ್ಚುತ್ತದೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನ ಯೋಜನೆಯಲ್ಲಿ ಮರವಂತೆಯ ತೀರಕ್ಕೆ ಬೇರೆ ದಾರಿ ಹಿಡಿಯಲಾಯಿತು. ದಂಡೆಯಿಂದ ಕಡಲಿಗೆ ಚಾಚುವ ಕಲ್ಲಿನ ತೋಳುಗಳನ್ನು ಕಟ್ಟಿ, ಅವುಗಳ ನಡುವೆ ಮರಳು ನಿಲ್ಲುವಂತೆ ಮಾಡುವುದು ಅದರ ಲೆಕ್ಕಾಚಾರ. ಹೆದ್ದಾರಿಯೇ ಅಪಾಯದಲ್ಲಿರುವಲ್ಲಿ ಇಂಥದು ಅನಿವಾರ್ಯ. ಆದರೆ ತೋಟವೂ ಮನೆಯೂ ಇಲ್ಲದ ದಂಡೆಗಳಲ್ಲಿಯೂ ಅದೇ ಕಲ್ಲು ಬಂದು ಬೀಳಬೇಕಿಲ್ಲ.

ಆ ಕಲ್ಲಿಲ್ಲದ ದಂಡೆಗೆ ಗಿರಾಕಿಗಳಿದ್ದಾರೆ. ಕುಂದಾಪುರದ ಕೋಡಿಯಿಂದ ಬೈಂದೂರಿನವರೆಗಿನ ತೀರಕ್ಕೆ ಚಳಿಗಾಲದಿಂದ ಬೇಸಿಗೆಯ ಆರಂಭದವರೆಗೆ ಆಲಿವ್ ರಿಡ್ಲೆ ಕಡಲಾಮೆಗಳು ರಾತ್ರಿ ಹೊತ್ತು ಮೊಟ್ಟೆ ಇಡಲು ಬರುತ್ತವೆ. ಒಂದು ಗೂಡಿನಲ್ಲಿ ನೂರರ ಆಸುಪಾಸಿನ ಮೊಟ್ಟೆ, ಒಡೆದು ಮರಿಯಾಗಲು ಸುಮಾರು 45ರಿಂದ 60 ದಿನ. ಅರಣ್ಯ ಇಲಾಖೆ, ಎಫ್‌ಎಸ್‌ಎಲ್ ಇಂಡಿಯಾದಂಥ ಸಂಸ್ಥೆಗಳು ಮತ್ತು ಸ್ಥಳೀಯ ಮೀನುಗಾರರು ಸೇರಿ ಗೂಡು ಹುಡುಕಿ, ಬೇಲಿ ಕಟ್ಟಿ, ಮರಿಗಳನ್ನು ಕಡಲಿಗೆ ಬಿಡುವ ಕೆಲಸ ನಡೆಸಿದ್ದಾರೆ.

ಆಮೆಯ ಮರಿ ಗಂಡೋ ಹೆಣ್ಣೋ ಎಂದು ತೀರ್ಮಾನಿಸುವುದು ಮರಳಿನ ಬಿಸಿ. ಗೂಡು ತಣ್ಣಗಿದ್ದರೆ ಗಂಡು ಹೆಚ್ಚು, ಬಿಸಿಯಾಗಿದ್ದರೆ ಹೆಣ್ಣು ಹೆಚ್ಚು, ತೀರ ಬಿಸಿಯಾದರೆ ಮೊಟ್ಟೆಯೇ ಕೆಡುತ್ತದೆ. ಸಮಸಮ ಹುಟ್ಟುವ ಉಷ್ಣತೆ 30 ಡಿಗ್ರಿಯ ಆಸುಪಾಸು. ಅತ್ತಿತ್ತ ಒಂದೆರಡು ಡಿಗ್ರಿ ಸಾಕು, ಲೆಕ್ಕ ತಲೆಕೆಳಗಾಗಲು. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿ ದಂಡೆಗಳಲ್ಲಿ ಹುಟ್ಟಿದ ಎಳೆಯ ಹಸಿರಾಮೆಗಳಲ್ಲಿ ಶೇಕಡಾ 99ಕ್ಕೂ ಹೆಚ್ಚು ಹೆಣ್ಣು ಎಂದು 2018ರ ಅಧ್ಯಯನವೊಂದು ತೋರಿಸಿತು.

ಇಲ್ಲಿ ಮಾಡಬಹುದಾದ್ದು ಸರಳ. ಗೂಡನ್ನು ಇಟ್ಟಲ್ಲೇ ಕಾಯುವುದು ಮೊದಲ ಆಯ್ಕೆ. ಕಡಲು ಕೊಚ್ಚುವ ಅಪಾಯವಿದ್ದು ಮೊಟ್ಟೆಗಳನ್ನು ಸಾಗಿಸಲೇಬೇಕಾದರೆ, ಮರಿಮನೆಯ ಮರಳಿನಡಿ ತಾಪಮಾಪಕ ಇಟ್ಟು ದಿನವೂ ಬರೆದಿಡಬೇಕು, ಬಿಸಿ ಏರಿದರೆ ಮೇಲೆ ಚಪ್ಪರ ಕಟ್ಟಬೇಕು. ಕೇದಗೆ, ಮರಳ ಮೇಲೆ ಹಬ್ಬುವ ನೇರಳೆ ಹೂವಿನ ಬಳ್ಳಿ, ದಂಡೆಯ ಹುಲ್ಲು ಇವೆಲ್ಲ ಮರಳನ್ನು ಹಿಡಿದಿಟ್ಟು ಮೇಲಿನ ದಂಡೆಯನ್ನು ಉಳಿಸುತ್ತವೆ. ನೀರಿನ ಅಂಚಿನವರೆಗೂ ಸಾಲುಗಟ್ಟಿ ನೆಟ್ಟ ಗಾಳಿಮರ ಆಮೆಗೆ ಜಾಗ ಬಿಡದು. ದಂಡೆಗೆ ಚೆಲ್ಲುವ ದೀಪದ ಬೆಳಕೂ ಹಾಗೆಯೇ: ಮರಿಗಳು ಕಡಲು ಬಿಟ್ಟು ಬೆಳಕಿನತ್ತ ನಡೆಯುತ್ತವೆ.

ಹಲಗೆ ಯಾವಾಗ, ಹೂ ಯಾವಾಗ

ಅಳಿವೆಯಿಂದ ಮೇಲಕ್ಕೆ ಹೋದರೆ ಪ್ರಶ್ನೆ ಜಾಗದ್ದಷ್ಟೇ ಅಲ್ಲ, ಹೊತ್ತಿನದೂ ಆಗುತ್ತದೆ.

ಕಿಂಡಿ ಅಣೆಕಟ್ಟುಗಳನ್ನು ನೋಡಬಹುದು. ಮಳೆ ನಿಂತ ಮೇಲೆ ಕಿಂಡಿಗಳಿಗೆ ಹಲಗೆ ಹಾಕುತ್ತಾರೆ. ಸಿಹಿನೀರು ನಿಲ್ಲುತ್ತದೆ, ಉಬ್ಬರದ ಉಪ್ಪು ಮೇಲೆ ಬರುವುದಿಲ್ಲ, ಸುತ್ತಲಿನ ಬಾವಿಗಳು ಉಳಿಯುತ್ತವೆ. ಮಳೆಗಾಲಕ್ಕೆ ಮೊದಲು ಹಲಗೆ ತೆಗೆಯುತ್ತಾರೆ. ಈ ಲೆಕ್ಕ ನಿಂತಿರುವುದು ಜೂನ್ ಆರಂಭದ ಮುಂಗಾರಿನ ಮೇಲೆ. 2021ರಲ್ಲಿ ಮೇ ನಡುವೆಯೇ ತೌಕ್ತೆಯ ಮಳೆ ಬಂತು. 2025ರಲ್ಲಿ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. ಹಲಗೆ ತಡವಾಗಿ ತೆಗೆದರೆ ನೆರೆ, ಬೇಗ ತೆಗೆದರೆ ಉಪ್ಪು. ಮೀನಿಗೂ ಇದು ಮುಖ್ಯ. ಮೊದಲ ಮಳೆಗೆ ಹೊಳೆಯ ಮೀನು ತೋಡು ಹಿಡಿದು ಗದ್ದೆಗೆ ಹತ್ತುತ್ತದೆ, ಅಲ್ಲೇ ಮೊಟ್ಟೆ ಇಡುತ್ತದೆ. ಮೊದಲ ಮಳೆ ಬಂದಾಗ ಹಲಗೆ ಇನ್ನೂ ಹಾಕಿದ್ದರೆ, ತೋಡಿನ ಮೋರಿ ನೆಲಕ್ಕಿಂತ ಎತ್ತರದಲ್ಲಿದ್ದರೆ, ಆ ದಾರಿ ಅಲ್ಲಿಗೇ ಮುಗಿಯುತ್ತದೆ. ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಹಲಗೆಯ ದಿನ ನಿಗದಿ ಮಾಡುವುದು, ಹೊಸ ಮೋರಿಗಳನ್ನು ತೋಡಿನ ತಳಮಟ್ಟದಲ್ಲೇ ಕೂರಿಸುವುದು ಹೆಚ್ಚು ಖರ್ಚಿನ ಕೆಲಸಗಳಲ್ಲ.

ಗದ್ದೆಯ ಬೈಲು ನೆರೆನೀರಿಗೆ ಹರಡಿಕೊಳ್ಳಲು ಸಿಗುವ ಜಾಗ. ಕಪ್ಪೆ, ಏಡಿ, ಕೊಕ್ಕರೆಗಳ ನೆಲೆಯೂ ಅದೇ. ಬೈಲು ಹಡಿಲು ಬಿದ್ದು, ಮಣ್ಣು ತುಂಬಿ ಸೈಟ್ ಆದಾಗ ಆ ನೀರು ಪಕ್ಕದ ಮನೆಗೆ ಹೋಗುತ್ತದೆ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹೊರತಂದ ‘ಸಹ್ಯಾದ್ರಿ ಪಂಚಮುಖಿ’ ಎಂಬ ಕೆಂಪಕ್ಕಿಯ ಭತ್ತ ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಚೇತರಿಸಿಕೊಳ್ಳುತ್ತದೆ. ತಗ್ಗು ಬೈಲುಗಳಿಗೆಂದೇ ಬಂದ ತಳಿ ಅದು. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಉಡುಪಿ ಸುತ್ತಮುತ್ತ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ಬೆಳೆದ ಅಕ್ಕಿ ‘ಉಡುಪಿ ಕೇದಾರ ಕಜೆ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಅಕ್ಕಿಯ ಬೆಲೆಯಷ್ಟನ್ನೇ ನೋಡಿದರೆ ಈ ಬೇಸಾಯ ನಷ್ಟದ ಬಾಬು. ನೆರೆ ತಗ್ಗಿಸಿದ, ಬಾವಿ ತುಂಬಿಸಿದ ಬೆಲೆಯನ್ನೂ ಸೇರಿಸಿ ಕಾರ್ತಿ (ಮಳೆಗಾಲದ) ಬೆಳೆಗೆ ಸಹಾಯಧನ ಕೊಟ್ಟರೆ ಲೆಕ್ಕ ಬೇರೆಯಾಗುತ್ತದೆ.

ಹೆಮ್ಮಾಡಿಯ ಸೇವಂತಿಗೆಯದು ಇನ್ನೂ ಸೂಕ್ಷ್ಮ ಲೆಕ್ಕ. ಹೆಮ್ಮಾಡಿ, ಕಟ್ಟು ಆಸುಪಾಸಿನ ರೈತರು ಸುಗ್ಗಿ ಗದ್ದೆಯಲ್ಲಿ ಬೆಳೆಯುವ ಈ ಹಳದಿ ಹೂ ಮಕರ ಸಂಕ್ರಾಂತಿಯ ಹೊತ್ತಿಗೆ ಅರಳಬೇಕು. ಮಾರಣಕಟ್ಟೆ ಬ್ರಹ್ಮಲಿಂಗೇಶ್ವರನ ಜಾತ್ರೆಗೆ ಅದೇ ಹೂ ಸಲ್ಲುವುದು. ಹಿಂಗಾರಿನ ಮಳೆ ಲಂಬಿಸಿದರೆ, ಚಳಿ ಬೀಳದಿದ್ದರೆ, ಮೊಗ್ಗು ತಡವಾಗುತ್ತದೆ. ಜಾತ್ರೆ ಮುಗಿದ ಮೇಲೆ ಅರಳಿದ ಹೂವಿಗೆ ಬೆಲೆ ಇಲ್ಲ. ಒಂದು ಊರಿನ ಒಂದೇ ತಳಿ, ಒಂದೇ ಜಾತ್ರೆಯ ದಿನ: ಹವೆಯ ಸಣ್ಣ ಏರುಪೇರೂ ಮನೆಯ ಲೆಕ್ಕಪುಸ್ತಕಕ್ಕೆ ಬಂದು ಕೂರುತ್ತದೆ. ನಾಟಿಯನ್ನು ಬೇರೆ ಬೇರೆ ಗದ್ದೆಯಲ್ಲಿ ಹಿಂದುಮುಂದಾಗಿ ಮಾಡುವುದು, ಮುಂದಿನ ಬೆಳೆಗೆ ಬೇಕಾದ ಕಂದುಗಳನ್ನು ಹಲವು ಮನೆಗಳಲ್ಲಿ ಕಾಪಿಡುವುದು ಸದ್ಯದ ವಿಮೆ.

ಮೇಲೇರುವ ಕಾಡು

ನೂರು ಮೀಟರ್ ಮೇಲೇರಿದರೆ ಹವೆ ಸುಮಾರು ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಂಪು. ಆ ಲೆಕ್ಕದಲ್ಲಿ ಕೊಡಚಾದ್ರಿಯ ತುದಿ ಬೈಂದೂರಿನ ದಂಡೆಗಿಂತ ಎಂಟು ಡಿಗ್ರಿಯಷ್ಟು ತಂಪು. ಬಯಲುಸೀಮೆಯ ಗಿಡವೊಂದು ಒಂದು ಡಿಗ್ರಿ ತಂಪು ಹುಡುಕಿ ನೂರಾರು ಕಿಲೋಮೀಟರ್ ಉತ್ತರಕ್ಕೆ ಹೋಗಬೇಕಾದಲ್ಲಿ, ಇಲ್ಲಿಯದು ಒಂದು ಗುಡ್ಡ ಹತ್ತಿದರೆ ಸಾಕು. ಹೀಗಾಗಿ ಕಡಲಿಗೆ ಇಷ್ಟು ಹತ್ತಿರ ನಿಂತ ಘಟ್ಟ ಜೀವವೈವಿಧ್ಯಕ್ಕೆ ದೊಡ್ಡ ಆಸರೆ. ತುದಿಯ ಶೋಲಾ ಮತ್ತು ಹುಲ್ಲುಗಾವಲಿಗೆ ಮಾತ್ರ ಮೇಲೆ ಹೋಗಲು ಇನ್ನು ನೆಲವಿಲ್ಲ.

ಆಸರೆ ಉಳಿಯಬೇಕಾದರೆ ತಪ್ಪಲಿನಿಂದ ತುದಿಯವರೆಗೆ ಕಾಡು ತುಂಡಾಗಬಾರದು. 1974ರಲ್ಲಿ ಘೋಷಣೆಯಾದ ಮೂಕಾಂಬಿಕಾ ವನ್ಯಜೀವಿಧಾಮ 247 ಚದರ ಕಿಲೋಮೀಟರ್ ಇತ್ತು. 2011ರಲ್ಲಿ ಅದನ್ನು ಸುಮಾರು 370ಕ್ಕೆ ವಿಸ್ತರಿಸಲಾಯಿತು. ಉತ್ತರಕ್ಕೆ ಶರಾವತಿ ಕಣಿವೆ, ದಕ್ಷಿಣಕ್ಕೆ ಸೋಮೇಶ್ವರದ ಕಾಡು. ಪಶ್ಚಿಮ ಘಟ್ಟದಲ್ಲಷ್ಟೇ ಇರುವ ಸಿಂಗಳೀಕ ನೆಲಕ್ಕೆ ಇಳಿಯುವುದು ಅಪರೂಪ. ಮರದಿಂದ ಮರಕ್ಕೆ ಹೋಗುವ ಈ ಪ್ರಾಣಿಗೆ ಮೂಕಾಂಬಿಕಾ ಕಾಡನ್ನು ಹಾದು ಕೊಲ್ಲೂರಿಗೆ ಹೋಗುವ ಹೆದ್ದಾರಿ 766ಸಿ, ವಿದ್ಯುತ್ ಮಾರ್ಗಕ್ಕಾಗಿ ಕಡಿದ ಪಟ್ಟಿ ಎರಡೂ ಅಡ್ಡಿ. ರಸ್ತೆ ಅಗಲಿಸುವಾಗ ಅಲ್ಲಲ್ಲಿ ಎರಡೂ ಬದಿಯ ಕೊಂಬೆಗಳು ಕೂಡುವಂತೆ ಬಿಡುವುದು, ಬಿಡಲಾಗದಲ್ಲಿ ಹಗ್ಗದ ಸೇತುವೆ ಕಟ್ಟುವುದು ಯೋಜನೆಯ ನಕ್ಷೆಯಲ್ಲೇ ಬರಬೇಕು.

ಕಾಡಿಗೂ ಕರಾವಳಿಗೂ ನಡುವಿನ ಮುರಕಲ್ಲಿನ ಪಾರೆಗಳನ್ನು ಸರ್ಕಾರಿ ಕಡತ ಬಹಳ ಕಾಲ ಬಂಜರು ಎಂದಿತು. ಮೊದಲ ಮಳೆಗೆ ಅಲ್ಲಿ ತಗ್ಗುಗಳು ತುಂಬುತ್ತವೆ, ಕೀಟ ತಿನ್ನುವ ಪುಟ್ಟ ಗಿಡಗಳೂ ನೇರಳೆ ಹೂಗಳೂ ಏಳುತ್ತವೆ. 2016ರಲ್ಲಿ ಮಣಿಪಾಲದ ಆಸುಪಾಸಿನ ಇಂಥದೇ ನೆಲದಿಂದ ಎರಡು ಸೆಂಟಿಮೀಟರೂ ಇಲ್ಲದ ಹೊಸ ಕಪ್ಪೆಯೊಂದು ವಿಜ್ಞಾನಕ್ಕೆ ಪರಿಚಯವಾಯಿತು. ಮುರಕಲ್ಲಿನ ನೆನಪಿಗೆ ಅದಕ್ಕೆ ‘ಮೈಕ್ರೊಹೈಲಾ ಲ್ಯಾಟರೈಟ್’ ಎಂದು ಹೆಸರಿಟ್ಟರು. ನಿಂತ ಮಳೆನೀರು ಕೆಲವು ವಾರ ಉಳಿದರೆ ಮಾತ್ರ ಅದರ ಮರಿಗಳು ಬದುಕುತ್ತವೆ. ಮಳೆ ಬಿಡುವು ಕೊಟ್ಟು ಸುರಿಯುವ ಕಾಲದಲ್ಲಿ ಆಳವಾದ ತಗ್ಗುಗಳೇ ಅದಕ್ಕೆ ಆಧಾರ. ಕಲ್ಲುಕೋರೆಯೂ, ಪಾರೆಗೆ ‘ಹಸಿರು’ ಹೊದಿಸಲೆಂದು ನೆಟ್ಟ ಅಕೇಶಿಯಾವೂ ಆ ತಗ್ಗುಗಳನ್ನೇ ಕಸಿದುಕೊಳ್ಳುತ್ತವೆ.

ಮೇಲಿನ ಕಾಡಿಗೂ ಕೆಳಗಿನ ಬೈಲಿಗೂ ನಡುವೆ ಮೆಟ್ಟಿಲುಗಳಂತಿರುವುದು ಊರಿನ ಹಾಡಿಗಳು ಮತ್ತು ನಾಗಬನಗಳು. ಹಳೆಯ ದಕ್ಷಿಣ ಕನ್ನಡದ ಕಂದಾಯ ಪದ್ಧತಿಯಲ್ಲಿ ವರ್ಗ ಜಮೀನಿನ ಸುತ್ತ ನೂರು ಗಜದೊಳಗಿನ ಸರ್ಕಾರಿ ನೆಲ ಕುಮ್ಕಿ. ಸೊಪ್ಪು, ತರಗೆಲೆ, ಸೌದೆಗಾಗಿ ಅದನ್ನು ಬಳಸುವ ಹಕ್ಕು ಕೃಷಿಕರಿಗಿತ್ತು. ಗದ್ದೆಗೆ ಗೊಬ್ಬರ ಬೇಕಾದಷ್ಟು ಕಾಲ ಕುಮ್ಕಿಯ ಹಾಡಿ ಉಳಿಯಿತು. ರಬ್ಬರು, ಮನೆ, ಸೈಟುಗಳು ಬಂದಂತೆ ಅದು ಚೂರಾಗುತ್ತಿದೆ. ಎಷ್ಟೋ ನಾಗಬನಗಳಲ್ಲಿ ಮರಗಳ ಜಾಗಕ್ಕೆ ಕಾಂಕ್ರೀಟಿನ ಕಟ್ಟೆ, ಟೈಲ್ಸ್ ನೆಲ ಬಂದಿವೆ.

ಪಂಚಾಯಿತಿಯ ಮೇಜಿನ ಮೇಲೆ

ಇಷ್ಟೆಲ್ಲ ಕೆಲಸಕ್ಕೆ ಹೊಸ ಕಾನೂನು ಹುಡುಕಬೇಕಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಕಾಂಡ್ಲಾ ಕಾಡನ್ನೂ ಆಮೆ ಮೊಟ್ಟೆ ಇಡುವ ದಂಡೆಯನ್ನೂ ಅತಿಸೂಕ್ಷ್ಮ ಪಟ್ಟಿಗೆ ಸೇರಿಸಿದೆ. ಕೊರತೆ ಇರುವುದು ದಾಖಲೆಯ ಸ್ವರೂಪದಲ್ಲಿ. ಯಾವ ಯಾವ ಜಾತಿಯ ಗಿಡ, ಹಕ್ಕಿ ಇವೆ ಎಂಬ ಪಟ್ಟಿಯನ್ನು ಒಮ್ಮೆ ಬರೆದು ಕಪಾಟಿನಲ್ಲಿಟ್ಟರೆ ಏನೂ ತಿಳಿಯದು. ಹವೆ ಬದಲಾಗುತ್ತಿರುವಾಗ ಬೇಕಾದ್ದು ತಾರೀಖು ಮತ್ತು ಗಡಿ.

ಮೊದಲ ಆಮೆಗೂಡು ಕಂಡ ದಿನ. ಗದ್ದೆಗೆ ಮೀನು ಹತ್ತಿದ ರಾತ್ರಿ. ಸೇವಂತಿಗೆ ಅರಳಿದ ವಾರ. ಏಪ್ರಿಲ್‌ನಲ್ಲಿ ಎಷ್ಟನೇ ಮನೆಯ ಬಾವಿಯವರೆಗೆ ಉಪ್ಪು ಬಂತು. ಕಾಂಡ್ಲಾದ ಸಸಿ ಒಡ್ಡಿನಿಂದ ಎಷ್ಟು ಮಾರು ದೂರದಲ್ಲಿದೆ. ಇವನ್ನೆಲ್ಲ ಬರೆಯಲು ವಿಜ್ಞಾನಿಗಳೇ ಬರಬೇಕಿಲ್ಲ. ಬಲೆ ಹಾಕುವವರು, ಚಿಪ್ಪು ಹೆಕ್ಕುವವರು, ಹೂ ಬೆಳೆಯುವವರು ಬಲ್ಲ ಸಂಗತಿಗಳು ಅವು. ಪ್ರೌಢಶಾಲೆಯ ಮಕ್ಕಳು ಒಂದು ನೋಟ್‌ಪುಸ್ತಕ, ಅಗ್ಗದ ಉಪ್ಪುಮಾಪಕ ಹಿಡಿದು ವರ್ಷವಿಡೀ ಇದನ್ನು ನಡೆಸಬಹುದು. ಹತ್ತು ವರ್ಷದ ಅಂಥ ದಾಖಲೆ ಕೈಯಲ್ಲಿದ್ದರೆ ಹೊಸ ಒಡ್ಡು, ಹೊಸ ರಸ್ತೆ, ಹೊಸ ತಡೆಗೋಡೆಯ ಪ್ರಸ್ತಾವ ಗ್ರಾಮಸಭೆಗೆ ಬಂದಾಗ ಚರ್ಚೆಗೆ ಒಂದು ನಕ್ಷೆ ಸಿಗುತ್ತದೆ: ಗೋಡೆ ಎಲ್ಲಿ ಬೇಕೇಬೇಕು, ಎಲ್ಲಿ ಹತ್ತು ಮೀಟರ್ ಹಿಂದೆ ಕಟ್ಟಬಹುದು, ಎಲ್ಲಿ ಕಟ್ಟದೆಯೇ ಬಿಡಬಹುದು ಎಂದು ತೋರಿಸುವ ನಕ್ಷೆ. ಆ ಮೂರನೆಯ ಪಟ್ಟಿಗೆ ಸೇರುವ ಸರ್ವೆ ನಂಬರುಗಳನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕರಾವಳಿ ಪಂಚಾಯಿತಿಗಳು ಮುಂದಿನ ಮಳೆಗಾಲಕ್ಕೆ ಮುನ್ನವೇ ಗುರುತಿಸಲು ಶುರು ಮಾಡಬಹುದು.